ತಂಬಾಕಿನ ಡಬ್ಬಿಯೊಳಗಿನ ಬಂದೂಕು

ನಿಪ್ಪಾಣಿಯಿಂದ ಚಿಕ್ಕೋಡಿಗೆ ಹೋಗುವ ಹಾದಿಯಲ್ಲಿ ಒಂದು ಸಣ್ಣ ಊರು. ಊರ ಹೆಸರೂ ಬೇಡ, ತಮ್ಮ ಹೆಸರೂ ಬೇಡ ಅಂದಿದ್ದಾರೆ ಕಾಕಾ. ‘ಬಂದೂಕ ಅಂತ ಬರದ್ರ ನಾಳೆ ಪೊಲೀಸ್ರು ಬಂದು ಬಾಗ್ಲಾ ಬಡೀತಾರ. ಅವ್ರಿಗೆ ಚಾ ಮಾಡಿಕೊಡಾವ್ರು ಯಾರು?’

ನಾನು ಹೋದದ್ದು ಬಂದೂಕು ನೋಡಲಿಕ್ಕೇ. ಕಲ್ಲು ಉಕ್ಕಿಗೆ ಬಡಿದು ಕಿಡಿ ಹಾರಿ ಗುಂಡು ಸಿಡಿಯುವ ಹಳೇ ಚಕಮಕಿ ಬಂದೂಕು ಆ ಮನೆಯಲ್ಲಿದೆ ಎಂದು ಗೆಳೆಯರೊಬ್ಬರು ಹೇಳಿದ್ದರು. ಗೋಡೆಯ ಮೇಲೆ ಏನೂ ಕಾಣಲಿಲ್ಲ. ಎಂಬತ್ತು ದಾಟಿದ ಕಾಕಾ ಮಾಡದೊಳಗೆ ಕೈಹಾಕಿ ಒಂದು ತಗಡಿನ ತಂಬಾಕಿನ ಡಬ್ಬಿ ತೆಗೆದರು. ಶೇಂಗಾ ಎಣ್ಣೆ ಹೀರಿದ ಅರಿವೆ ಬಿಚ್ಚಿದರೆ ಒಳಗೆ ಗೇಣುದ್ದದ ಕಬ್ಬಿಣದ ಪಟ್ಟಿ. ಅದರ ಬೆನ್ನ ಮೇಲೆ ಹಂಸದ ಕುತ್ತಿಗೆಯ ಹಾಗೆ ಬಾಗಿದ ಕೊಕ್ಕೆ, ಬಂದೂಕಿನ ‘ಕುದುರೆ’. ಕುದುರೆಯ ಬಾಯಲ್ಲಿ ಮೊಂಡಾದ ಒಂದು ಕಲ್ಲು.

‘ಬಂದೂಕ ಎಲ್ಲೈತಿ ಕಾಕಾ?’

‘ಇದ ಬಂದೂಕ ತಮ್ಮಾ. ಉಳದದ್ದೆಲ್ಲಾ ಕೊಳವಿ, ಕಟಗಿ.’

ಮಾತಿನ ಚಮತ್ಕಾರ ಅಂದುಕೊಂಡೆ. ಎರಡು ತಾಸು ಕೂತು ಎದ್ದಾಗ ಅದು ಲೆಕ್ಕ ಹಾಕಿ ಆಡಿದ ಮಾತು ಎಂದು ತಿಳಿಯಿತು.

ಕಾಕಾ ಕಮ್ಮಾರರು. ಕುಲುಮೆ ಆರಿ ಬಹಳ ವರ್ಷವಾಯಿತು. ಕುಡಗೋಲು, ಕುರ್ಪಿ, ಕೊಡಲಿ, ಗಾಡಿ ಗಾಲಿಯ ಹಳಿ ಮಾಡಿದ ಕೈ. ಅವರ ಅಜ್ಜನಿಗೆ ಮಾತ್ರ ಇನ್ನೊಂದು ಕೆಲಸವಿತ್ತು. ನವರಾತ್ರಿ ಬಂತೆಂದರೆ ಸುತ್ತಲಿನ ವಾಡೆಗಳಿಂದ ಕತ್ತಿ, ಭರ್ಚಿ, ಬಂದೂಕು ಎಲ್ಲ ಖಂಡೇಪೂಜೆಗೆ ಮೊದಲು ಅವನ ಅಂಗಳಕ್ಕೆ ಬರುತ್ತಿದ್ದವು. ಬೂದಿ, ಹುಣಸೆಹಣ್ಣು ಹಾಕಿ ತಿಕ್ಕಿ, ಎಣ್ಣೆ ಕುಡಿಸಿ ಕಳಿಸುವುದು. ಕುದುರೆ ಸಡಿಲಾಗಿದ್ದರೆ ಬಿಗಿ ಮಾಡುವುದು. ಹಾಗೆ ಬಂದು, ಯಾರೂ ತಿರುಗಿ ಒಯ್ಯದೆ ಉಳಿದ ಬಂದೂಕು ಇದು ಎನ್ನುತ್ತಾರೆ ಕಾಕಾ.

ಡಬ್ಬಿಯ ಆ ಪಟ್ಟಿಯನ್ನು ಅವರು ನನ್ನ ಅಂಗೈಗೆ ಇಟ್ಟರು. ಕಾಣುವುದಕ್ಕಿಂತ ಭಾರ. ‘ಹೆಬ್ಬಟ್ಟಲೆ ಕುದುರಿ ಜಗ್ಗು.’ ಜಗ್ಗಿದೆ. ಒಂದು ‘ಕಟ್’. ಅದು ಅರ್ಧ ಹಾದಿ. ಮದ್ದು ತುಂಬಿಕೊಂಡು ಹೊಲದಲ್ಲಿ ತಿರುಗುವಾಗ ಕುದುರೆ ನಿಲ್ಲಬೇಕಾದ ಜಾಗ. ಅಲ್ಲಿ ನಿಂತ ಕುದುರೆ ಗುಂಡಿ ಒತ್ತಿದರೂ ಬೀಳಬಾರದು. ಇನ್ನಷ್ಟು ಜಗ್ಗಿದರೆ ಎರಡನೇ ‘ಕಟ್’. ಅದು ಪೂರ್ತಿ ಏರಿದ ಕುದುರೆ. ಅದರ ಎದುರಿಗೆ ಒಂದು ಉಕ್ಕಿನ ಮುಚ್ಚಳ, ಮುಚ್ಚಳದ ಬುಡದಲ್ಲಿ ಹುಣಸೆಬೀಜ ಹಿಡಿಸುವಷ್ಟು ಬಟ್ಟಲು. ಅದೇ ಬಂದೂಕಿನ ಕಿವಿ, ಸಣ್ಣಗೆ ಅರೆದ ರಂಜಕದ ಮದ್ದು ಹಾಕುವ ಜಾಗ. ಕುದುರೆ ಬಿದ್ದಾಗ ಕಲ್ಲು ಮುಚ್ಚಳವನ್ನು ಕೆರೆಯುತ್ತದೆ, ಆ ಪೆಟ್ಟಿಗೇ ಮುಚ್ಚಳ ಹಿಂದಕ್ಕೆ ಮಗುಚಿ ಕಿವಿ ತೆರೆಯುತ್ತದೆ, ಕಿಡಿ ಅದರೊಳಗೆ ಸುರಿಯುತ್ತದೆ. ರಂಜಕ ಹತ್ತಿ, ನಳಿಗೆಯ ಗೋಡೆಯ ಸಣ್ಣ ತೂತಿನಿಂದ ಬೆಂಕಿ ಒಳಗೆ ನುಗ್ಗಿದರೆ ಈಡು ಹಾರಿತು. ಮೇಲಿನ ರಂಜಕವಷ್ಟೇ ಭುಸ್ಸೆಂದು ಉರಿದು ಒಳಗಿನ ಮದ್ದು ಹತ್ತದೆ ಹೋದರೆ? ‘ಹಂದಿ ನಿನ್ನ ನೋಡ್ತೈತಿ, ನೀ ಹಂದೀನ ನೋಡ್ತಿ.’

ಹಾರುವ ಕಿಡಿ ಕಲ್ಲಿನದಲ್ಲ. ಕಲ್ಲು ಕೆರೆದ ಉಕ್ಕಿನ ಪುಡಿಯೇ ಕಾದು ಕೆಂಡವಾಗಿ ಉದುರುವುದು. ಆದ್ದರಿಂದ ಎಲ್ಲ ಜಾಣತನವೂ ಆ ಮುಚ್ಚಳಕ್ಕೆ ನೀರು ಕುಡಿಸುವುದರಲ್ಲಿದೆ. ಮೆತ್ತಗಾದರೆ ಕಲ್ಲು ಅದರಲ್ಲಿ ಗೀರು ಬೀಳಿಸಿ ಸುಮ್ಮನಾಗುತ್ತದೆ. ಬಿರುಸಾದರೆ ಗಾಜಿನಂತೆ ಒಡೆಯುತ್ತದೆ. ಕಾಯಿಸಿ ಅದ್ದಿದ ಮೇಲೆ ಮತ್ತೆ ಸಣ್ಣ ಉರಿಗೆ ಹಿಡಿದರೆ ಉಜ್ಜಿದ ಉಕ್ಕಿನ ಮೇಲೆ ಬಣ್ಣಗಳು ಓಡುತ್ತವೆ. ಮುಚ್ಚಳಕ್ಕೆ ಗೋಧಿ ಹುಲ್ಲಿನ ಬಣ್ಣ ಸಾಕು. ಒಳಗಿನ ಸ್ಪ್ರಿಂಗಿಗೆ ಇನ್ನೂ ಮುಂದೆ ಹೋಗಿ ನವಿಲುಗರಿಯ ನೀಲಿ ಬರಬೇಕು. ಥರ್ಮಾಮೀಟರ್ ಇಲ್ಲ, ಕಣ್ಣೇ ಎಲ್ಲ. ‘ನಮ್ಮಜ್ಜ ಈ ಕೆಲಸಾ ಸಂಜೀಕ ಮಾಡ್ತಿದ್ದ. ಹಗಲಿ ಬೆಂಕಿ ಬಣ್ಣ ಸುಳ್ಳ ಹೇಳ್ತೈತಿ.’

ನಳಿಗೆಯ ಬಗ್ಗೆ ಕೇಳಿದರೆ ಕಾಕಾಗೆ ಬೇಸರ. ಕಬ್ಬಿಣದ ಪಟ್ಟಿಯನ್ನು ಸಲಾಕೆಗೆ ಸುತ್ತಿ, ಕಾಯಿಸಿ ಬಡಿದು ಬೆಸೆಯುವುದು, ಆಮೇಲೆ ಒಳಗೆ ಕೊರೆದು ನುಣ್ಣಗೆ ಮಾಡುವುದು. ಅಷ್ಟು ಹೇಳಿ ಮುಗಿಸಿದರು. ಆದರೆ ಬಂದೂಕು ಆರಿಸುವುದು ಹೇಗೆಂದು ಕೇಳಿದ್ದೇ ತಡ, ಎದ್ದು ನಿಂತರು. ನಳಿಗೆಯನ್ನು ದಾರದಲ್ಲಿ ತೂಗಹಾಕಿ ಬೆರಳಿನಿಂದ ತಟ್ಟಬೇಕು. ಬೆಸುಗೆ ಗಟ್ಟಿಯಿದ್ದರೆ ಗಂಟೆಯ ಹಾಗೆ ನಾದ ಎಳೆಯುತ್ತದೆ, ಬಿರುಕಿದ್ದರೆ ಒಡೆದ ಗಡಿಗೆಯ ಸದ್ದು. ಕತ್ತಲ ಕೋಣೆಯಲ್ಲಿ ಮದ್ದಿಲ್ಲದೆ ಕುದುರೆ ಬೀಳಿಸಿ, ಕಿಡಿ ಕಿವಿಯೊಳಗೆ ಬಿತ್ತೋ ಹೊರಗೆ ಚೆಲ್ಲಿತೋ ನೋಡಬೇಕು. ಕೊನೆಗೆ ಕಣ್ಣು ಮುಚ್ಚಿ ಬಂದೂಕನ್ನು ಹೆಗಲಿಗೇರಿಸಿ, ಕಣ್ಣು ತೆರೆಯಬೇಕು. ನೋಟ ನೇರ ನಳಿಗೆಯ ಗುಂಟ ಹರಿದರೆ ಅದು ನಿನ್ನ ಬಂದೂಕು. ಇಲ್ಲದಿದ್ದರೆ ಬಡಿಗೇರನ ಹತ್ತಿರ ಹೋಗಿ ನಿನ್ನ ತೋಳಿಗೆ, ಕುತ್ತಿಗೆಗೆ ತಕ್ಕ ಹಾಗೆ ಹಿಡಿ ಕೆತ್ತಿಸಿಕೋ. ಅಂಗಿ ಹೊಲಿಸಿಕೊಳ್ಳುವಷ್ಟೇ ಸ್ವಂತದ ವಿಷಯ ಅದು.

ಕುದುರೆಯ ಬಾಯಲ್ಲಿ ಕಲ್ಲು ಅಲುಗಾಡದಂತೆ ಕೆಳಗೆ ಚರ್ಮದ ಚೂರು ಮಡಚಿ ಇಡುತ್ತಾರೆ. ಇದಕ್ಕೆ ಕಾಕಾ ಅಥಣಿ ಕಡೆಯ ಚಪ್ಪಲಿ ಅಟ್ಟೆಯ ತುಂಡೇ ಆಗಬೇಕು ಎನ್ನುತ್ತಾರೆ. ಡಬ್ಬಿಯ ಕಲ್ಲಿನ ಕೆಳಗೂ ಅದೇ ಇತ್ತು, ಕಪ್ಪಗೆ, ಬೆಲ್ಲದ ಪುಡಿಯ ಹಾಗೆ ಉದುರುತ್ತಿತ್ತು.

ಇಷ್ಟು ಸೂಕ್ಷ್ಮದ ಯಂತ್ರವಾದ್ದರಿಂದಲೇ ನಮ್ಮ ಕಡೆ ಇದು ಮನೆಮನೆಗೆ ಬರಲಿಲ್ಲ. ಉರಿಯುವ ಬತ್ತಿ ಹಿಡಿದು ಹೊಡೆಯುವ ತೋಡೆದಾರ ಬಂದೂಕು ಹತ್ತೊಂಬತ್ತನೇ ಶತಮಾನದ ನಡುವಿನವರೆಗೂ ದಖ್ಖಣದಲ್ಲಿ ನಡೆಯಿತು. ಅದಕ್ಕೆ ಸ್ಪ್ರಿಂಗೂ ಬೇಡ, ಕಲ್ಲೂ ಬೇಡ. ಶ್ರೀರಂಗಪಟ್ಟಣದಲ್ಲಿ ಟಿಪ್ಪುವಿನ ಕುಶಲಕರ್ಮಿಗಳು ಮಾತ್ರ ಚಕಮಕಿ ಬಂದೂಕನ್ನು ಯುರೋಪಿನವರಿಗೆ ಸಮನಾಗಿ ಮಾಡಿದರು, ಕುದುರೆಗೇ ಹುಲಿಯ ರೂಪ ಕೊಟ್ಟರು. ಕಂಪನಿಯ ಸಿಪಾಯಿ ಹೊತ್ತದ್ದು 39 ಇಂಚು ನಳಿಗೆಯ, ಮುಕ್ಕಾಲು ಇಂಚು ಬಾಯಿಯ ‘ಇಂಡಿಯಾ ಪ್ಯಾಟರ್ನ್’. ಅದೇ ಕಾಲದಲ್ಲಿ ಬರ್ಮಿಂಗ್‌ಹ್ಯಾಮಿನ ಕುಲುಮೆಗಳಿಂದ ಅಗ್ಗದ ಚಕಮಕಿ ಬಂದೂಕುಗಳು ಹಡಗು ಹತ್ತಿ ಕೆನಡಾದ ಕಾಡಿಗೆ ಹೋಗಿ ತುಪ್ಪಳದ ಚರ್ಮಕ್ಕೆ ಮಾರಾಟವಾಗುತ್ತಿದ್ದವು. ಪಕ್ಕದಲ್ಲಿ ಹಾವಿನಾಕಾರದ ಹಿತ್ತಾಳೆ ಪಟ್ಟಿ ಇಲ್ಲದಿದ್ದರೆ ಅಲ್ಲಿನ ಬೇಟೆಗಾರರು ಮುಟ್ಟುತ್ತಿರಲಿಲ್ಲವಂತೆ. ಗಿರಾಕಿ ಎಲ್ಲಿದ್ದರೂ ಗಿರಾಕಿಯೇ.

ನಮ್ಮ ಕಡೆಯ ಬಂದೂಕಿನ ನೆನಪು ಬೇರೆ. 1824ರ ಅಕ್ಟೋಬರ್ 23ರಂದು ಕಿತ್ತೂರಿನ ಕೋಟೆಯ ಮುಂದೆ ಕಂಪನಿಯ ಕಲೆಕ್ಟರ್ ಥ್ಯಾಕರೆ ಬಿದ್ದದ್ದು ಗುಂಡಿಗೆ. ಗುರಿ ಹಿಡಿದವನು ರಾಣಿ ಚೆನ್ನಮ್ಮನ ಕಡೆಯ ಅಮಟೂರ ಬಾಳಪ್ಪ. 1857ರಲ್ಲಿ ಆಯುಧಗಳನ್ನು ಸರಕಾರಕ್ಕೆ ಒಪ್ಪಿಸಬೇಕೆಂಬ ಕಾನೂನು ಬಂದಾಗ ಮುಧೋಳದ ಹತ್ತಿರದ ಹಲಗಲಿಯ ಬೇಡರು ಆಗದೆಂದರು. ನವೆಂಬರ್ ಕೊನೆಗೆ ದಂಡು ಬಂದು ಊರಿಗೆ ಬೆಂಕಿ ಇಟ್ಟಿತು, ಡಿಸೆಂಬರಿನಲ್ಲಿ ಮುಧೋಳದಲ್ಲೂ ಹಲಗಲಿಯಲ್ಲೂ ಗಲ್ಲುಗಳೆದ್ದವು. ಆ ಕಥೆ ಹೇಳುವ ಲಾವಣಿಯನ್ನು ಹತ್ತನೇ ಇಯತ್ತೆಯ ಮಕ್ಕಳು ಓದುತ್ತಾರೆ. ಬೇಟೆಯ ಬಂದೂಕು ಬೇಡನಿಗೆ ಏನಾಗಿತ್ತೆಂದು ಕಾಕಾನ ಡಬ್ಬಿ ನೋಡಿದ ಮೇಲೆ ನನಗೆ ಹೊಸದಾಗಿ ಹೊಳೆಯಿತು. ಅತ್ತ ಕೊಡವರಿಗೆ ಬಂದೂಕಿನ ಲೈಸೆನ್ಸಿನಿಂದ ವಿನಾಯಿತಿ ಬ್ರಿಟಿಷರ ಕಾಲದಿಂದಲೂ ಇದೆ. ಆಯುಧಪೂಜೆಯ ಹಬ್ಬವಾದ ಕೈಲ್‌ಪೋಳ್ದಿನ ದಿನ ಕೋವಿಗೆ ಹೂ ಏರಿಸುತ್ತಾರೆ. ಇತ್ತ 1878ರ ಆಯುಧ ಕಾಯಿದೆ, 1959ರ ಆಯುಧ ಕಾಯಿದೆ ದಾಟಿ ಉಳಿದದ್ದು ಬೆಳೆ ಕಾಯಲು ಲೈಸೆನ್ಸು ಪಡೆದ ಕೆಲವು ಬಂದೂಕು. ಚುನಾವಣೆ ಬಂದಾಗಲೆಲ್ಲ ಅವು ಠಾಣೆಗೆ ಹೋಗಿ ಕೂರಬೇಕು. ‘ಕಬ್ಬಿಗೆ ಬರೂ ಹಂದಿಗೆ ಎಲೆಕ್ಷನ್ ಇಲ್ಲ ನೋಡ್ರಿ’ ಎಂದು ರಾಯಬಾಗದ ಒಬ್ಬ ರೈತರು ನನಗೆ ಹಿಂದೊಮ್ಮೆ ಹೇಳಿದ್ದರು.

ಕಾಕಾನ ಬಂದೂಕಿಗೆ ಆ ತಾಪತ್ರಯವಿಲ್ಲ. ಕಟ್ಟಿಗೆಯ ಹಿಡಿಯನ್ನು ಗೆದ್ದಲು ತಿಂದಿತು. ನಳಿಗೆಯನ್ನು ಅವರ ಅಪ್ಪ ಮೊಳದುದ್ದಕ್ಕೆ ಕತ್ತರಿಸಿ ಅವ್ವನಿಗೆ ಊದುಗೊಳವೆ ಮಾಡಿಕೊಟ್ಟರು. ‘ನಲವತ್ತ ವರ್ಷ ನಮ್ಮವ್ವ ಬಂದೂಕಲೇ ರೊಟ್ಟಿ ಬಡದಾಳ.’ ಗ್ಯಾಸು ಬಂದ ಮೇಲೆ ಅದು ಅಟ್ಟ ಸೇರಿತು.

ಆದರೂ ಕಿಡಿಯ ವಿದ್ಯೆ ಬಂದೂಕಿನ ಜೊತೆಗೇ ಸಾಯಲಿಲ್ಲ. ಇದು ತಂಬಾಕಿನ ಸೀಮೆ. ಪ್ರತಿ ರೈತನ ಚಂಚಿಯಲ್ಲೂ ಎಲೆ, ಅಡಿಕೆ, ಸುಣ್ಣದ ಡಬ್ಬಿಯ ಜೊತೆ ಒಂದು ಚಕಮಕಿ ಇರುತ್ತಿತ್ತು. ಬೆರಳಿಗೆ ಸಿಕ್ಕಿಸುವ ಉಕ್ಕಿನ ತುಂಡು, ಒಂದು ಬೆಣಚುಕಲ್ಲು, ಒಂದು ಚಿಟಿಕೆ ಹತ್ತಿ. ಹೊಲದ ಗಾಳಿಗೆ ಕಡ್ಡಿಪೆಟ್ಟಿಗೆ ಸೋಲುತ್ತದೆ, ಚಕಮಕಿಯ ಹತ್ತಿ ಗಾಳಿ ಬೀಸಿದಷ್ಟೂ ಕೆಂಪಾಗುತ್ತದೆ. ಅಜ್ಜ ಬಂದೂಕಿನ ಮುಚ್ಚಳಕ್ಕೆ ಹಾಕುತ್ತಿದ್ದ ಹದವನ್ನೇ ಕಾಕಾ ಇವಕ್ಕೆ ಹಾಕಿ ನಿಪ್ಪಾಣಿ ಸಂತೆಯಲ್ಲಿ ಮಾರಿದರು. ಪ್ಲಾಸ್ಟಿಕ್ ಲೈಟರ್ ಬರುವ ತನಕ.

ಹೊರಡುವ ಮುಂಚೆ ಒಮ್ಮೆ ಕಿಡಿ ತೋರಿಸಿ ಎಂದೆ. ಬಾಗಿಲು ಮುಂದಕ್ಕೆ ಮಾಡಿ ಕತ್ತಲು ಮಾಡಿದರು. ಕುದುರೆ ಬಿತ್ತು, ಏನೂ ಇಲ್ಲ. ಎರಡನೇ ಸಲ ಒಂದೇ ಒಂದು ಕೆಂಪು ಚುಕ್ಕೆ, ಅದೂ ಹೊರಗೆ ಬಿತ್ತು. ಕಾಕಾ ಕಲ್ಲಿನ ಮೂತಿಯನ್ನು ಉಗುರಿನಿಂದ ಮುಟ್ಟಿ ನೋಡಿದರು.

‘ಸವದೈತಿ. ಕೃಷ್ಣಾ ದಂಡೀಗೆ, ಕಾಗವಾಡದ ಕಡೆ ಹೋದ್ರ ಒಂದ ಛಲೋ ಬೆಣಚುಕಲ್ಲ ಆರಿಸ್ಕೊಂಡ ಬಾ ತಮ್ಮಾ. ಅಂಚ ಚೂಪ ಇರ್ಲಿ.’

ಅರಿವೆ ಸುತ್ತಿ ಡಬ್ಬಿ ಮುಚ್ಚಿದರು.