ಲಾರಿಯ ಇಂಜಿನಿನ ಟಿಕಟಿಕ

ವಿಜಯನಗರದಲ್ಲಿ ನಮ್ಮ ಬೀದಿಯ ಕೊನೆಯಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬನಿದ್ದಾನೆ. ಅವನ ಸಂಸಾರವೆಲ್ಲ ಒಂದು ಲಾರಿಯನ್ನು ನಂಬಿಕೊಂಡಿದೆ. ಆ ಲಾರಿಯ ಇಂಜಿನು ಕೆಟ್ಟಿತೆಂದು ಸಾಲಮಾಡಿ, ಅದೇ ಮಾದರಿಯ ಹಳೆಯ ಇಂಜಿನೊಂದನ್ನು ಕೊಂಡು ಕೂಡಿಸಿಸಿದನು. ಮರುದಿನ ಬೆಳಗ್ಗೆ ಚಾಲೂ ಮಾಡಿದರೆ ಒಂದೇ ಸಮನೆ ‘ಟಿಕ್ ಟಿಕ್’ ಸದ್ದು! ಬೇರಿಂಗು ಹೋಗಿದೆ, ಇಂಜಿನನ್ನು ಪೂರ್ತಿ ಬಿಚ್ಚಬೇಕು ಎಂದರು ಕೆಲವರು. ಮಾರಿದವನು ಮೋಸಮಾಡಿದ ಎಂದರು ಇನ್ನು ಕೆಲವರು. “ಮೇಷ್ಟ್ರೇ, ಅವನ ಮೇಲೊಂದು ದೂರು ಬರೆದುಕೊಡಿ” ಎಂದು ಅವನು ನನ್ನಲ್ಲಿಗೆ ಬಂದನು. “ದೂರು ಬರೆಯುವ ಮುನ್ನ ದೋಷ ಯಾವುದೆಂದು ತಿಳಿಯಬೇಡವೇನಪ್ಪ?” ಎಂದು, ಮಾಗಡಿ ರಸ್ತೆಯ ವೃದ್ಧ ಮೆಕ್ಯಾನಿಕರೊಬ್ಬರ ಬಳಿಗೆ ಅವನೊಡನೆ ಹೋದೆನು. ಅಲ್ಲಿ ನಾನು ಕಲಿತುದನ್ನು ಓದುಗರ ಮುಂದಿಡುತ್ತೇನೆ.

ನಮ್ಮ ವ್ಯಾಕರಣದಲ್ಲಿ ಅನುಕರಣಾವ್ಯಯಗಳೆಂಬ ಶಬ್ದಗಳಿವೆ. ಟಿಕಟಿಕ, ಧಡಧಡ, ಕಿರಕಿರ ಎಂದರೆ ಸಾಕು, ಸದ್ದಿನ ಗುಣ ಕಿವಿಗೆ ಕಟ್ಟುತ್ತದೆ. ಮೆಕ್ಯಾನಿಕರು ಮೊದಲು ಕೇಳಿದುದೂ ಇದನ್ನೇ. ಧಡಧಡ ಎಂಬ ಭಾರವಾದ ಸದ್ದು ಬಂದು, ಹೊರೆ ಬಿದ್ದಾಗ ಅದು ಹೆಚ್ಚಿದರೆ ಬೇರಿಂಗಿನ ಮೇಲೆ ಸಂದೇಹ; ಎಣ್ಣೆಯ ಒತ್ತಡವೂ ಇಳಿದಿದ್ದರೆ ಇಂಜಿನನ್ನು ಆ ಕ್ಷಣವೇ ನಿಲ್ಲಿಸಬೇಕು. ನಮ್ಮ ಲಾರಿಯಲ್ಲಿ ಎಣ್ಣೆಯ ಮಟ್ಟ ಸರಿಯಾಗಿದ್ದಿತು, ಒತ್ತಡವೂ ಸರಿಯಾಗಿದ್ದಿತು; ಸದ್ದು ಹಗುರ.

ಹಗುರವಾದ ಟಿಕಟಿಕಕ್ಕೆ ಮುಖ್ಯವಾಗಿ ಮೂರು ಮೂಲಗಳು. ನಾಲ್ಕು ಹೊಡೆತದ ಇಂಜಿನಿನಲ್ಲಿ ಕ್ರ್ಯಾಂಕು ಎರಡು ಸುತ್ತು ಬರುವಷ್ಟರಲ್ಲಿ ಪ್ರತಿಯೊಂದು ವಾಲ್ವೂ ಒಮ್ಮೆ ತೆರೆಯುತ್ತದೆ, ನಾಜಲ್ಲು ಒಮ್ಮೆ ಡೀಸೆಲನ್ನು ಸಿಡಿಸುತ್ತದೆ, ಹೊಗೆ ಒಮ್ಮೆ ಹೊರಬೀಳುತ್ತದೆ. ನಿಮಿಷಕ್ಕೆ 600 ಸುತ್ತಿನಲ್ಲಿ ಇಂಜಿನು ನಿಂತಲ್ಲೇ ಓಡುತ್ತಿದ್ದರೆ ಈ ಮೂರೂ ನಿಮಿಷಕ್ಕೆ 300 ಸಲ, ಎಂದರೆ ಸೆಕೆಂಡಿಗೆ 5 ಸಲ ನಡೆಯುತ್ತವೆ. ಆದುದರಿಂದ ತಾಳವೊಂದನ್ನೇ ಕೇಳಿ ಇವುಗಳಲ್ಲಿ ತಪ್ಪಿತಸ್ಥ ಯಾವುದೆಂದು ಹೇಳಲಾಗದು. ಬೇರೆ ಪರೀಕ್ಷೆ ಬೇಕು.

ಮೊದಲನೆಯದು ಟ್ಯಾಪೆಟ್ಟಿನ ಸಡಿಲ. ವಾಲ್ವಿಗೂ ಅದನ್ನು ಒತ್ತುವ ರಾಕರಿಗೂ ನಡುವೆ ಮಿಲಿಮೀಟರಿನ ಒಂದು ಸಣ್ಣ ಅಂಶದಷ್ಟು ಎಡೆ ಇರಬೇಕು. ಅದು ಹೆಚ್ಚಿದರೆ ಟಿಕಟಿಕ. ತೀರ ಕಡಿಮೆಯಾದರೆ ವಾಲ್ವು ಪೂರ್ತಿ ಮುಚ್ಚಿಕೊಳ್ಳದೆ ಸುಟ್ಟುಹೋಗುತ್ತದೆ. ತಯಾರಕರು ಹೇಳಿದ ಅಳತೆಗೆ ಫೀಲರ್ ಗೇಜಿನಿಂದ ಹೊಂದಿಸಬೇಕು. ಈ ಸದ್ದು ಇಂಜಿನು ಕಾದ ಮೇಲೂ ಉಳಿಯುವುದೇ ಹೆಚ್ಚು.

ಎರಡನೆಯದು ನಾಜಲ್ಲು. ಹಳೆಯ ಬಗೆಯ ಇಂಜಿನಿನಲ್ಲಿ ಒಂದೊಂದೇ ಸಿಲಿಂಡರಿನ ಡೀಸೆಲ್ ಕೊಳವೆಯನ್ನು ಕೊಂಚ ಸಡಿಲಿಸಿ ನೋಡುತ್ತಾರೆ. ಯಾವುದನ್ನು ಸಡಿಲಿಸಿದಾಗ ಸದ್ದು ಅಡಗುವುದೋ ದೋಷ ಆ ಸಿಲಿಂಡರಿನ ಕಡೆಗಿದೆ. ಈಚಿನ ಕಾಮನ್ ರೈಲ್ ಇಂಜಿನುಗಳಲ್ಲಿ ಮಾತ್ರ ಹೀಗೆ ಎಂದೂ ಮಾಡಕೂಡದು. ಅಲ್ಲಿ ಒತ್ತಡ 1000 ಬಾರನ್ನೂ ಮೀರುತ್ತದೆ. ಚಿಮ್ಮಿದ ಡೀಸೆಲ್ ಚರ್ಮವನ್ನು ತೂರಿ ಒಳಹೊಗುತ್ತದೆ.

ಮೂರನೆಯದು ಹೊಗೆಯ ಸೋರಿಕೆ. ಸಿಲಿಂಡರಿನ ತಲೆಗೂ ಹೊಗೆಯ ಮ್ಯಾನಿಫೋಲ್ಡಿಗೂ ನಡುವಣ ಪ್ಯಾಕಿಂಗು ಹರಿದಿದ್ದರೆ ಒತ್ತಡದ ಹೊಗೆ ಆ ಸಂದಿನಲ್ಲಿ ಸಿಡಿದು, ಲೋಹ ತಟ್ಟಿದಂತೆಯೇ ಕೇಳಿಸುತ್ತದೆ. ಲೋಹ ಕಾದಾಗ ಹಿಗ್ಗುವುದರಿಂದ ಸಂದು ಮುಚ್ಚಿಕೊಂಡು ಸದ್ದು ಇಳಿಯುವುದುಂಟು. ಸಂದಿನ ಬಳಿ ಕಪ್ಪು ಮಸಿಯ ಗೆರೆಯೂ ಕಾಣುತ್ತದೆ.

1816ರಲ್ಲಿ ಪ್ಯಾರಿಸಿನ ವೈದ್ಯ ಲೆನೆಕ್ ಕಾಗದವನ್ನು ಸುರುಳಿ ಸುತ್ತಿ ರೋಗಿಯ ಎದೆಗಿಟ್ಟು ಆಲಿಸಿದನು. ಸ್ಟೆತಾಸ್ಕೋಪು ಹುಟ್ಟಿದುದು ಹಾಗೆ. ನಮ್ಮ ಮೆಕ್ಯಾನಿಕರ ಕೈಯಲ್ಲಿದ್ದುದು ಒಂದು ಮೊಳ ರಬ್ಬರ್ ಕೊಳವೆ. “ಇಂಜಿನನ್ನು ರಾತ್ರಿಯೆಲ್ಲ ತಣ್ಣಗೆ ಬಿಟ್ಟು ಬೆಳಗ್ಗೆ ಬನ್ನಿ ಸ್ವಾಮಿ” ಎಂದರು. ಬೆಳಗ್ಗೆ ಚಾಲೂ ಮಾಡಿಸಿ, ಫ್ಯಾನಿಗೆ ತಾಗದಂತೆ ಕೊಳವೆಯ ಒಂದು ತುದಿಯನ್ನು ಸಂದುಗಳ ಬಳಿ ಹಿಡಿದು, ಇನ್ನೊಂದನ್ನು ಕಿವಿಗಿಟ್ಟು ಆಲಿಸಿದರು. ಹಿಂದಿನ ಸಿಲಿಂಡರಿನ ಬಳಿ ಸದ್ದು ಜೋರಾಯಿತು. ಹತ್ತು ನಿಮಿಷ ಕಾದ ಮೇಲೆ ಅರ್ಧಕ್ಕಿಳಿಯಿತು. ಬ್ಯಾಟರಿ ದೀಪ ಹಿಡಿದರೆ ಅಲ್ಲೇ ಮಸಿಯ ಗೆರೆ! ಇಂಜಿನು ಕೂಡಿಸುವಾಗ ಹಳೆಯ ಪ್ಯಾಕಿಂಗನ್ನೇ ಮತ್ತೆ ಹಾಕಿದ್ದರು. ಒಂದು ಸ್ಟಡ್ಡೂ ಮುರಿದಿದ್ದಿತು. ಎರಡನ್ನೂ ಬದಲಾಯಿಸಿ, ಬೋಲ್ಟುಗಳನ್ನು ಸಮನಾಗಿ ಬಿಗಿದ ಮೇಲೆ ಸದ್ದು ನಿಂತಿತು. ಇಂಜಿನನ್ನು ಬಿಚ್ಚುವ ಅಗತ್ಯವೇ ಬೀಳಲಿಲ್ಲ.

ಅವರು ಹೇಳಿದ ಒಂದು ಮಾತು ನನ್ನ ಮನಸ್ಸಿನಲ್ಲಿ ನಿಂತಿದೆ: ಇಂಜಿನು ಬದಲಾಯಿಸಿದ ಮೇಲೆ ಹೊಸ ಸದ್ದು ಬಂದರೆ, ಕೈ ಸೋಕಿದ ಜಾಗಗಳನ್ನು ಮೊದಲು ನೋಡಬೇಕು. ಮ್ಯಾನಿಫೋಲ್ಡು, ಚಾಸಿಗೆ ತಾಗುವ ಸೈಲೆನ್ಸರ್ ಕೊಳವೆ, ಫ್ಯಾನು, ಫ್ಲೈವೀಲಿನ ಮುಚ್ಚಳ, ಇಂಜಿನಿನ ಆಧಾರಗಳು – ಇವೆಲ್ಲ ಹೊರಗಿನಿಂದಲೇ ಕಾಣುವಂಥವು, ಖರ್ಚೂ ಅಲ್ಪ. ಒಳಗನ್ನು ಬಿಚ್ಚುವುದು ಕಡೆಯ ಮಾತು.

ದೂರಿನ ಅರ್ಜಿಯನ್ನು ನಾನು ಬರೆಯಲಿಲ್ಲ. ಬರೆದಿದ್ದರೆ, ತಪ್ಪು ಮಾಡದ ಮನುಷ್ಯನೊಬ್ಬನನ್ನು ಶುದ್ಧ ಕನ್ನಡದಲ್ಲಿ ದೂಷಿಸಿದಂತಾಗುತ್ತಿತ್ತು.