ಹಬ್ಬದ ಪಂಕ್ತಿಯ ಹಲಸಿನ ಮಣೆ

ಮಲೆನಾಡಿನ ಹಳೆಯ ಮನೆಗಳಲ್ಲಿ ಪೀಠೋಪಕರಣ ಎಂದು ಹೇಳಿಕೊಳ್ಳುವಂಥದ್ದು ಹೆಚ್ಚೇನೂ ಇರುತ್ತಿರಲಿಲ್ಲ. ಜಗಲಿಯಲ್ಲೊಂದು ಒರಗುವ ಕುರ್ಚಿ, ನಡುಮನೆಯಲ್ಲೊಂದು ತೂಗುಮಂಚ, ಮೂಲೆಯಲ್ಲಿ ಕಬ್ಬಿಣದ ಪಟ್ಟಿ ಹೊಡೆದ ಮರದ ಪೆಟ್ಟಿಗೆ. ಉಳಿದ ಬದುಕೆಲ್ಲ ನೆಲದ ಮೇಲೆ. ಆ ನೆಲದಿಂದ ನಮ್ಮನ್ನು ಎರಡು ಬೆರಳಿನಷ್ಟು ಮೇಲೆತ್ತಿ ಕೂರಿಸುತ್ತಿದ್ದದ್ದು ಮಣೆ. ಉದ್ದ ಒಂದೂವರೆ ಅಡಿ, ಅಗಲ ಒಂದಡಿಯ ಆಸುಪಾಸು, ಅಡಿಯಲ್ಲಿ ಎರಡು ಅಡ್ಡಪಟ್ಟಿ. ನೋಡುವವರಿಗೆ ಅಷ್ಟೇ. ಆದರೆ ಒಳ್ಳೆಯ ಮಣೆ ಮಾಡುವುದು ಸುಲಭದ ಕೆಲಸವಲ್ಲ ಎಂದು ತಿಳಿದಿದ್ದ ಆಚಾರಿಗಳು ಊರೂರಲ್ಲಿ ಇದ್ದರು. ಈಗ ಅಂಥವರನ್ನು ಹುಡುಕಿಕೊಂಡು ಹೋಗಬೇಕು.

ಸಾಗರದ ಕಡೆ ದೀಪಾವಳಿಗೆ ದೊಡ್ಡಹಬ್ಬ ಎಂದೇ ಹೆಸರು. ಬೇರೆ ಹಬ್ಬಗಳಿಗೆ ಮನೆಮಂದಿ ಸೇರಿದರೆ, ದೊಡ್ಡಹಬ್ಬಕ್ಕೆ ಊರುಬಿಟ್ಟವರೂ ಬರುತ್ತಿದ್ದರು. ಹಬ್ಬ ಹತ್ತಿರವಾದಾಗ ಅಜ್ಜನ ಮನೆಯ ಅಟ್ಟದಿಂದ ಮಣೆಗಳು ಒಂದೊಂದಾಗಿ ಕೆಳಗೆ ಬರುತ್ತಿದ್ದವು. ತೆಂಗಿನ ನಾರಿನಿಂದ ತಿಕ್ಕಿ ತೊಳೆಯುವುದು ರಜೆಗೆ ಬಂದ ಮೊಮ್ಮಕ್ಕಳ ಪಾಲಿನ ಕೆಲಸ. ತೊಳೆದ ಮಣೆಯನ್ನು ಅಂಗಳದ ಬಿಸಿಲಿಗೆ ಒಯ್ದರೆ ಒಳಗಿಂದಲೇ ಅಮ್ಮಮ್ಮನ ಕೂಗು: “ಬಿಸಿಲಿಗೆ ಹಾಕಡಿ, ನೆರಳಲ್ಲಿ ಒಣಗಲಿ.” ಹಾಗೆ ಜಗಲಿಯ ಗೋಡೆಗೆ ಸಾಲಾಗಿ ಒರಗಿಸಿಟ್ಟಾಗ ಅವುಗಳ ಬಣ್ಣ ಎದ್ದು ಕಾಣುತ್ತಿತ್ತು. ಹೊಸದು ಅರಿಸಿನದ ಬಣ್ಣ, ಹತ್ತಾರು ಹಬ್ಬ ಕಂಡದ್ದು ಜೇನಿನ ಬಣ್ಣ, ಅಜ್ಜನ ಅಪ್ಪನ ಕಾಲದ್ದು ಕಾಫಿಬೀಜದಷ್ಟು ಕಂದು. ಮಗುಚಿ ಹಾಕಿದರೆ ಬೆನ್ನಿನಲ್ಲಿ ಮನೆತನದ ಮೊದಲಕ್ಷರ. ಮದುವೆ, ಉಪನಯನಗಳಿಗೆ ಊರವರು ಪಾತ್ರೆಗಳ ಜೊತೆ ಮಣೆಯನ್ನೂ ಒಯ್ಯುತ್ತಿದ್ದುದರಿಂದ ಆ ಗುರುತು ಬೇಕಾಗುತ್ತಿತ್ತು.

ನರಕ ಚತುರ್ದಶಿಯ ನಸುಕಿನಲ್ಲಿ ಮಣೆಗೆ ಮೊದಲ ಕೆಲಸ. ಅದರ ಮೇಲೆ ಕೂರಿಸಿ, ಹಣೆಗೆ ಕುಂಕುಮವಿಟ್ಟು, ನೆತ್ತಿಗೆ ಎಣ್ಣೆ ಒತ್ತಿ, ಆರತಿ ಎತ್ತಿ ಬಚ್ಚಲಿಗೆ ಕಳಿಸುವರು. ಗೋಪೂಜೆಯ ದಿನ ಮಾತ್ರ ಕಾಯುವುದೇ ದೊಡ್ಡ ತಪಸ್ಸು. ದನಕರುಗಳ ಮೈ ತೊಳೆದು, ಕೊರಳಿಗೆ ಅಡಿಕೆಯ ಸರ, ಚೆಂಡುಹೂವಿನ ಹಾರ ಕಟ್ಟಿ, ಪೂಜೆ ಮಾಡಿ, ಅವುಗಳ ಊಟ ಮುಗಿದ ಮೇಲೆಯೇ ನಮ್ಮದು. ಅಡುಗೆಮನೆಯಿಂದ ಹೋಳಿಗೆಯ ಕಾವಲಿಯ ಪರಿಮಳ ಬರುತ್ತಿದ್ದರೂ ಎಲೆ ಹಾಕುವವರಿಲ್ಲ. ಕೊನೆಗೂ “ಮಣೆ ಹಾಕ್ರೋ” ಎಂಬ ಮಾತು ಬಿದ್ದದ್ದೇ ತಡ, ಎರಡೂ ಕಂಕುಳಲ್ಲಿ ಒಂದೊಂದು ಮಣೆ ಇರುಕಿಕೊಂಡು ಓಡುತ್ತಿದ್ದೆವು.

ಬಾಳೆಯ ಕುಡಿ ಎಡಕ್ಕೆ ಬರುವಂತೆ ಎಲೆ. ತುದಿಯಲ್ಲಿ ಉಪ್ಪು, ಉಪ್ಪಿನಕಾಯಿ, ಕೋಸಂಬರಿ, ಪಲ್ಯ. ಅನ್ನ, ತೊವ್ವೆ, ತುಪ್ಪ. ಆಮೇಲೆ ಸಾರು, ಹುಳಿ, ತಂಬುಳಿ. ಸೌತೆಕಾಯಿಯ ಕಡುಬು, ತುಪ್ಪದಲ್ಲಿ ಮುಳುಗಿದ ಹೋಳಿಗೆ. ನಡುನಡುವೆ ಹಿರಿಯರೊಬ್ಬರು ರಾಗವಾಗಿ ಗ್ರಂಥ ಹೇಳಿದರೆ ಪಂಕ್ತಿಯೆಲ್ಲ “ಹರ ಹರ ಮಹಾದೇವ” ಎನ್ನುವುದು. ಮೇಜಿನ ಊಟದಲ್ಲಿ ಮೊದಲು ಮುಗಿಸಿದವರು ಎದ್ದು ಹೋಗಬಹುದು, ಪಂಕ್ತಿಯಲ್ಲಿ ಎಲ್ಲರೂ ಒಟ್ಟಿಗೇ ಏಳಬೇಕು. ನಿಧಾನಕ್ಕೆ ಉಣ್ಣುವ ದೊಡ್ಡಪ್ಪನಿಗಾಗಿ ಬೆರಳ ತುದಿ ಒಣಗುವವರೆಗೂ ಕೂತಿದ್ದ ನೆನಪು ನನಗಿದೆ. ಇನ್ನೊಬ್ಬರ ಊಟ ಮುಗಿಯಲಿ ಎಂದು ಕಾಯುವುದನ್ನು ನಾನು ಕಲಿತದ್ದು ಆ ಮಣೆಯ ಮೇಲೆಯೇ.

ಆದರೆ ಆ ಪಂಕ್ತಿಯಲ್ಲಿ ಎಲ್ಲರಿಗೂ ಮಣೆ ಇರಲಿಲ್ಲ ಎಂಬುದನ್ನೂ ಹೇಳಲೇಬೇಕು. ಮೂಲೆಗಳಿಗೆ ಹಿತ್ತಾಳೆಯ ಹೂವು ಕೂರಿಸಿದ ದೊಡ್ಡ ಮಣೆ ಮೊದಲ ದೀಪಾವಳಿಗೆ ಬಂದ ಹೊಸ ಅಳಿಯನಿಗೆ. ಆಮೇಲಿನವು ವಯಸ್ಸಿನ ಕ್ರಮದಲ್ಲಿ ಗಂಡಸರಿಗೆ. ಬೆಳಗಿನಿಂದ ಒಲೆಯ ಮುಂದೆ ಬೆಂದ ಹೆಂಗಸರು ಕೊನೆಯ ಪಂಕ್ತಿಯಲ್ಲಿ, ಎಷ್ಟೋ ಸಲ ಬರಿನೆಲದಲ್ಲಿ ಕೂತು ಉಣ್ಣುತ್ತಿದ್ದರು. ತೋಟದ ಆಳುಗಳಿಗೆ ಹೊರಗಿನ ಜಗಲಿ. ಮಣೆಯನ್ನು ಮತ್ತೆ ಬಳಕೆಗೆ ತರಬೇಕು ಎನ್ನುವ ನಾನು ಆ ಪಂಕ್ತಿಭೇದವನ್ನು ತರಬೇಕೆನ್ನುವವನಲ್ಲ. ಮರ ಯಾರ ಮೈಭಾರವನ್ನೂ ಬೇರೆ ಎಂದು ನೋಡುವುದಿಲ್ಲ, ನೋಡಿದವರು ನಾವು.

ಇನ್ನು ಕೆಲಸದ ವಿಚಾರ. ಮಣೆಗೆ ಹಲಸೇ ಯಾಕೆ? ತೇಗ, ಬೀಟೆ ಬೆಲೆಯ ಮರಗಳು. ಹಲಸು ಹಿತ್ತಲಲ್ಲೇ ಬೆಳೆಯುತ್ತದೆ, ಅದರ ಬಲಿತ ತಿರುಳಿಗೆ ಗೆದ್ದಲು ಸುಲಭಕ್ಕೆ ಬಾಯಿ ಹಾಕುವುದಿಲ್ಲ. ಹತ್ತರಿ ಹಿಡಿದರೆ ನುಣುಪಾಗಿ ಬರುತ್ತದೆ, ಕೈ ತಾಗಿದಷ್ಟೂ ಹೊಳಪು ಏರುತ್ತದೆ. ವೀಣೆಗೂ ಮೃದಂಗಕ್ಕೂ ಒದಗುವ ಮರ ಇದೇ. ಮರ ಬಿದ್ದ ಮೇಲೆ ಹಲಗೆ ಕೊಯ್ಯಿಸಿ, ಹೊರಗಿನ ಬಿಳಿ ಭಾಗವನ್ನು ತೆಗೆದು, ಅಟ್ಟದ ಮೇಲೆ ಗಾಳಿಯಾಡುವಂತೆ ಪೇರಿಸಿಡುತ್ತಿದ್ದರು. ಒಲೆಯ ಹೊಗೆ ತಾಗುವ ಜಾಗವಾದರೆ ಇನ್ನೂ ಒಳ್ಳೆಯದು. ಒಂದೆರಡು ಮಳೆಗಾಲ ಕಳೆಯುವವರೆಗೆ ಆ ಹಲಗೆಯನ್ನು ಯಾರೂ ಮುಟ್ಟುವಂತಿಲ್ಲ.

“ಆಚಾರ್ರೇ, ಹಬ್ಬದೊಳಗೆ ಆಗ್ತದಾ?” ಎಂದು ಅಜ್ಜ ಕೇಳಿದರೆ, ಆಚಾರಿ ಹಲಗೆಯನ್ನು ಬೆರಳ ಗಿಣ್ಣಿನಿಂದ ತಟ್ಟಿ ಕಿವಿಗೊಡುತ್ತಿದ್ದರು. “ಇನ್ನೂ ಹಸಿ ಉಂಟು ಹೆಗ್ಡೇರೇ. ಅವಸರ ಮಾಡಿದ್ರೆ ಬಾಯಿ ಬಿಡ್ತದೆ.” ಅಜ್ಜ ಮರುಮಾತಾಡುತ್ತಿರಲಿಲ್ಲ.

ಆ ಮಾತಿನಲ್ಲಿ ಇಡೀ ವಿದ್ಯೆ ಇದೆ. ಮರ ಕಡಿದ ಮೇಲೂ ಹಲಗೆ ಸುಮ್ಮನಿರುವುದಿಲ್ಲ. ಮಳೆಗಾಲದ ಪಸೆ ಹೀರಿ ಹಿಗ್ಗುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ. ಉದ್ದಕ್ಕೆ ಈ ಏರಿಳಿತ ಇಲ್ಲವೆನ್ನುವಷ್ಟು ಕಡಿಮೆ, ಇರುವುದೆಲ್ಲ ಅಗಲಕ್ಕೆ. ಹಲಗೆಯ ಅಡಿಗೆ ಎರಡು ಪಟ್ಟಿ ಇಟ್ಟು ಮೊಳೆ ಬಡಿದುಬಿಟ್ಟರೆ ಮರಕ್ಕೆ ಅಲುಗಲು ಎಡೆಯಿಲ್ಲ, ಒಂದು ದಿನ ನಡುವೆ ಸೀಳುತ್ತದೆ. ಪಟ್ಟಿಯೇ ಇಲ್ಲದಿದ್ದರೆ ಸೊಟ್ಟಗಾಗುತ್ತದೆ. ಬಲ್ಲ ಆಚಾರಿ ಹಲಗೆಯ ಬೆನ್ನಿಗೆ ಅಡ್ಡಲಾಗಿ ಕಾಲುವೆ ತೋಡುತ್ತಾರೆ. ಅದರ ಬಾಯಿ ಕಿರಿದು, ತಳ ಅಗಲ. ಅದೇ ಆಕಾರಕ್ಕೆ ಕೆತ್ತಿದ ಪಟ್ಟಿಯನ್ನು ಪಕ್ಕದಿಂದ ತೂರಿಸಿ ಕೊಡತಿಯಿಂದ ಮೆಲ್ಲಗೆ ಬಡಿಯುತ್ತಾ ಹೋದರೆ ಅದು ಬಿಗಿಯಾಗಿ ಕೂರುತ್ತದೆ. ಮೊಳೆಯಿಲ್ಲ, ಅಂಟಿಲ್ಲ. ಪಟ್ಟಿ ಕೆಳಕ್ಕೆ ಬೀಳಲಾರದು, ಹಲಗೆ ಬಾಗಲಾರದು, ಆದರೂ ಮಳೆಗೆ ಹಿಗ್ಗಿ ಬಿಸಿಲಿಗೆ ಕುಗ್ಗಲು ಅದಕ್ಕೆ ಅವಕಾಶ ಉಂಟು. ಅಮ್ಮಮ್ಮ ಬಿಸಿಲಿಗೆ ಹಾಕಬೇಡಿ ಎನ್ನುತ್ತಿದ್ದುದಕ್ಕೂ ಇದೇ ಕಾರಣ: ಒಂದು ಮೈ ಒಮ್ಮೆಲೇ ಒಣಗಿದರೆ ಎಂಥ ಪಟ್ಟಿಯೂ ತಡೆಯಲಾರದು. ದಪ್ಪ ದಿಮ್ಮಿ ಸಿಕ್ಕರೆ ಕಾಲುಗಳನ್ನೂ ಅದರಲ್ಲೇ ಬಿಟ್ಟು, ನಡುವಿನದನ್ನು ಬಾಚಿ, ಉಳಿಗಳಿಂದ ಕಡೆದು ತೆಗೆದ ಒಂಟಿಮರದ ಮಣೆಗಳೂ ಇದ್ದವು. ನನ್ನ ಮಟ್ಟಿಗೆ ಪಟ್ಟಿ ತೂರಿಸಿದ ಮಣೆಯೇ ಹೆಚ್ಚಿನದು, ಅದರಲ್ಲಿ ಮರದ ಸ್ವಭಾವ ಬಲ್ಲವನ ಬುದ್ಧಿ ಕಾಣುತ್ತದೆ.

ಇದೇ ಆಚಾರಿಯ ಕೈಯಲ್ಲಿ ಕಾಯಿ ತುರಿಯುವ ಹೆರೆಮಣೆ, ತರಕಾರಿ ಹೆಚ್ಚುವ ಈಳಿಗೆಮಣೆ, ಹೋಳಿಗೆ ಲಟ್ಟಿಸುವ ಮಣೆ, ಮದುವೆಯ ಹಸೆಮಣೆ ಎಲ್ಲವೂ ಆಗುತ್ತಿದ್ದವು. ತುಳುನಾಡಿಗೆ ಹೋದರೆ ಹದಿನಾಲ್ಕು ಗುಳಿಗಳ ಚೆನ್ನೆಮಣೆ, ಬಯಲುಸೀಮೆಗೆ ಹೋದರೆ ಶಾವಿಗೆ ಮಣೆ.

ಊಟದ ಮಣೆ ಹಿಂದೆ ಸರಿದದ್ದು ಒಂದೇ ಕಾರಣಕ್ಕಲ್ಲ. ಕೂಡುಕುಟುಂಬಗಳು ಪಾಲಾದವು, ಮದುವೆಗಳು ಕಲ್ಯಾಣಮಂಟಪ ಸೇರಿದವು, ಹಿರಿಯರ ಮಂಡಿ ನೆಲಕ್ಕೆ ಬಾಗದಾಯಿತು. ಮೇಜು ಬಂದದ್ದರಿಂದ ಹೆಂಗಸರಿಗೆ ಬಗ್ಗಿ ಬಗ್ಗಿ ಬಡಿಸುವ ಶ್ರಮ ತಪ್ಪಿತು, ಅದು ಒಳ್ಳೆಯದೇ. ನನಗೆ ಸಂಕಟವಾಗುವುದು ಪಾಲಿನಲ್ಲಿ ಬಂದ ಮಣೆಗಳು ಗುಜರಿಗೆ ಹೋಗುವುದನ್ನು, ಅಲ್ಲಿಂದ ರೆಸಾರ್ಟಿನ ಗೋಡೆಗೆ ಮೊಳೆಯಲ್ಲಿ ನೇತಾಡುವುದನ್ನು ಕಂಡಾಗ. ಮಣಿಪಾಲದಲ್ಲಿ ವಿಜಯನಾಥ ಶೆಣೈಯವರು ಹಳೆಯ ಮನೆಗಳನ್ನೇ ಬಿಚ್ಚಿ ತಂದು, ಕಂಬ ತೊಲೆ ಸಮೇತ ಮರುಕಟ್ಟಿ ‘ಹಸ್ತಶಿಲ್ಪ’ ಪಾರಂಪರಿಕ ಗ್ರಾಮವನ್ನು ನಿಲ್ಲಿಸಿದರು. ಅದನ್ನು ನೋಡಿದವರಿಗೆ ನಮ್ಮ ಮರಗೆಲಸದವರ ಎತ್ತರ ಗೊತ್ತಾಗುತ್ತದೆ. ಆದರೆ ಮಣೆಯನ್ನು ಉಳಿಸಲು ಅಷ್ಟು ದೊಡ್ಡ ಸಾಹಸ ಬೇಡ, ಒಂದು ಮನೆಯವರು ಮನಸ್ಸು ಮಾಡಿದರೆ ಸಾಕು.

ನಿಮ್ಮ ಅಟ್ಟದಲ್ಲಿ ಹಳೆಯ ಮಣೆಯಿದ್ದರೆ ಕೆಳಗಿಳಿಸಿ. ಒದ್ದೆ ಬಟ್ಟೆಯಿಂದ ಒರೆಸಿ, ನೆರಳಲ್ಲಿ ಒಣಗಿಸಿ, ತೆಳ್ಳಗೆ ಕೊಬ್ಬರಿ ಎಣ್ಣೆ ಸವರಿ. ವಾರ್ನಿಷ್ ಬೇಡ. ಹಿತ್ತಲಲ್ಲಿ ಹಲಸಿನ ಮರ ಬಿದ್ದಿದ್ದರೆ ಅದನ್ನು ಸೌದೆಗೆ ಕೊಡುವ ಮೊದಲು ನಾಲ್ಕು ಹಲಗೆ ಕೊಯ್ಯಿಸಿಡಿ. ಅದು ಒಣಗಿದ ಮೇಲೆ ನಿಮ್ಮ ಊರಿನ ಆಚಾರಿಯನ್ನು ಕರೆಸಿ, ಮೊಳೆ ಬಡಿಯದೆ ಪಟ್ಟಿ ತೂರಿಸಿ ಮಾಡಿಕೊಡಿ ಎಂದು ಕೇಳಿ, ಆ ಕೆಲಸಕ್ಕೆ ತಕ್ಕ ಮಜೂರಿಯನ್ನು ಚೌಕಾಸಿ ಮಾಡದೆ ಕೊಡಿ. ಮಂಡಿನೋವಿನವರಿಗೆ ಆರಂಗುಲ ಎತ್ತರದ್ದು ಮಾಡಿಸಬಹುದು. ಬರುವ ದೀಪಾವಳಿಗೆ ಒಂದು ಹೊತ್ತಾದರೂ ಮನೆಮಂದಿಯೆಲ್ಲ, ಅಡುಗೆ ಮಾಡಿದವರೂ ಸೇರಿ, ಒಂದೇ ಪಂಕ್ತಿಯಲ್ಲಿ ಮಣೆ ಹಾಕಿ ಕೂತು ಉಣ್ಣಿ.