ಹಿಮಕಾಲದ ಜೇನುಹುಳುಗಳ ಗುಪ್ತನಿಧಿ

ಮಳೆಗಾಲಕ್ಕೆ ಮುಂಚಿತವಾಗಿ ಹಪ್ಪಳ ಸಂಡಿಗೆಗಳನ್ನೂ ಒಣಸೌದೆಯನ್ನೂ ಕೂಡಿಡುವ ಗೃಹಿಣಿಯು ನಮಗೆಲ್ಲರಿಗೂ ಪರಿಚಿತಳೇ. ಜೇನುಹುಳುಗಳು ಹಾಗೆಯೇ ಜೇನನ್ನು ಕೂಡಿಡುತ್ತವೆಂಬುದನ್ನು ಚಿಕ್ಕ ತರಗತಿಯ ಬಾಲಕಿಯೂ ಬಲ್ಲಳು. ಆದರೆ ಯೂರೋಪಿನ ಜೇನುಹುಳುಗಳು ಹಿಮಕಾಲವನ್ನು ಕಳೆಯುವುದಕ್ಕೆ ಎರಿಯಲ್ಲಿನ ಜೇನಲ್ಲದೆ ಮತ್ತೊಂದು ನಿಧಿಯನ್ನು ತಮ್ಮ ಶರೀರದೊಳಗೇ ಕೂಡಿಡುತ್ತವೆಂಬುದು ಅನೇಕರಿಗೆ ತಿಳಿಯದು. ಅದರ ವಿಷಯವಾಗಿ ಇಲ್ಲಿ ಕೆಲವು ಮಾತುಗಳನ್ನು ಬರೆಯುವೆನು.

ಆ ದೇಶಗಳ ಬೇಸಿಗೆಯಲ್ಲಿ ಹುಟ್ಟಿದ ಕೆಲಸಗಾರ ಹುಳುವು 4ರಿಂದ 6 ವಾರ ಬದುಕುತ್ತದೆ. ಶರತ್ಕಾಲದಲ್ಲಿ ಹುಟ್ಟಿದ ಹುಳುವಾದರೋ 6 ತಿಂಗಳವರೆಗೂ ಬದುಕಬಲ್ಲುದು. ಎರಡಕ್ಕೂ ತಾಯಿ ಒಂದೇ ರಾಣಿಯು. ಹಾಗಾದರೆ ಈ ದೀರ್ಘಾಯುಸ್ಸಿಗೆ ಕಾರಣವೇನು? ಹಿಮಕಾಲದ ಹುಳುವು ನಿದ್ರಿಸುತ್ತದೆಂದು ತಿಳಿಯಬಾರದು. ಹುಳುಗಳೆಲ್ಲವೂ ಒಂದನ್ನೊಂದು ಒತ್ತಿಕೊಂಡು ಗುಂಡಾಗಿ ಸೇರಿ, ರೆಕ್ಕೆಗಳನ್ನು ಬಡಿಯದೆಯೇ ಎದೆಯ ಸ್ನಾಯುಗಳನ್ನು ನಡುಗಿಸಿ ಶಾಖವನ್ನುಂಟುಮಾಡುತ್ತವೆ. ಹೊರಗೆ ನೀರು ಹೆಪ್ಪುಗಟ್ಟಿದ್ದರೂ ಗುಂಪಿನ ಹೊರಅಂಚಿನ ಉಷ್ಣತೆಯು ಸುಮಾರು 10 ಡಿಗ್ರಿ ಸೆಂಟಿಗ್ರೇಡಿಗಿಂತ ಕೆಳಗಿಳಿಯದಂತೆ ಕಾಯುತ್ತವೆ.

ಈ ಶಾಖಕ್ಕೆ ಜೇನು ಸೌದೆ; ಆಮ್ಲಜನಕವು ಅದನ್ನು ಉರಿಸುವ ಗಾಳಿ. ಆದರೆ ಒಲೆಯಿಂದ ಕಿಡಿ ಸಿಡಿಯುವಂತೆ ಈ ದಹನದಲ್ಲಿಯೂ ಆಮ್ಲಜನಕದ ಕೆಲವು ಉಗ್ರರೂಪಗಳು ಹುಟ್ಟಿ, ಶರೀರದ ಕೊಬ್ಬು, ಸಸಾರಜನಕ ಮುಂತಾದವುಗಳನ್ನು ಕೆಡಿಸುತ್ತವೆ. ಮುಪ್ಪಿಗೆ ಇದೇ ಕಾರಣವಾಗಿರಬಹುದೆಂದು ಅಮೇರಿಕದ ಡೆನ್‌ಹ್ಯಾಮ್ ಹಾರ್ಮನ್ನರು 1956ರಲ್ಲಿ ಪ್ರತಿಪಾದಿಸಿದರು.

ಇದಕ್ಕೆ ಪ್ರತಿಯಾಗಿ ಜೀವಿಗಳಲ್ಲಿ ಕಾವಲುಗಾರರೂ ಉಂಟು. ಸುಪರಾಕ್ಸೈಡ್ ಡಿಸ್ಮ್ಯುಟೇಸ್ ಎಂಬುದು ಅಂಥ ಒಂದು ಉಗ್ರರೂಪವನ್ನು ಹೈಡ್ರೊಜನ್ ಪೆರಾಕ್ಸೈಡನ್ನಾಗಿ ಮಾರ್ಪಡಿಸುತ್ತದೆ. ಕೆಟಲೇಸ್ ಎಂಬುದು ಅದನ್ನು ನೀರಾಗಿಯೂ ಆಮ್ಲಜನಕವಾಗಿಯೂ ಒಡೆಯುತ್ತದೆ. ಇವಲ್ಲದೆ ಜೇನುಹುಳುವಿನಲ್ಲಿ ವಿಟೆಲ್ಲೊಜೆನಿನ್ ಎಂಬ ಸಸಾರಜನಕವಿದೆ. ನಾರ್ವೆ ದೇಶದ ವಿದುಷಿ ಗ್ರೋ ಆಮ್ಡಮ್ಮರೂ ಅವರ ಸಂಗಡಿಗರೂ 2006ರಲ್ಲಿ ಪ್ರಕಟಿಸಿದ ಪರೀಕ್ಷೆಗಳಲ್ಲಿ, ಇದು ಕಡಿಮೆಯಿರುವ ಹುಳುಗಳು ಆಮ್ಲಜನಕದ ಪೀಡೆಗೆ ಬೇಗನೆ ಬಲಿಯಾದವು. ಸತುವಿನ ಲೇಪವು ತಾನು ಸವೆದು ಕಬ್ಬಿಣದ ಬಾಲ್ದಿಯನ್ನು ತುಕ್ಕಿನಿಂದ ಕಾಯುವಂತೆ, ಇದು ಪೆಟ್ಟನ್ನು ತಾನೇ ಮೊದಲು ತಿನ್ನುತ್ತದೆ.

ಬೇಸಿಗೆಯ ಹುಳುವು ಈ ನಿಧಿಯನ್ನು ಮರಿಗಳ ಆಹಾರವನ್ನಾಗಿ ಮಾರ್ಪಡಿಸಿ ಉಣಿಸಿ ಬರಿದುಮಾಡುತ್ತದೆ. ಬಳಿಕ ಹೂವುಗಳನ್ನರಸಿ ಹಾರಿ ಹಾರಿ ಸವೆಯುತ್ತದೆ. ಶರತ್ಕಾಲದಲ್ಲಿಯಾದರೋ ರಾಣಿಯು ಮೊಟ್ಟೆಯಿಡುವುದನ್ನು ಕಡಿಮೆಮಾಡುವುದರಿಂದ ಸಾಕಬೇಕಾದ ಮರಿಗಳು ಅಲ್ಪ. ಆಗ ತಿಂದ ಪರಾಗದ ಸಾರವು ವೆಚ್ಚವಾಗದೆ ಹೊಟ್ಟೆಯೊಳಗಿನ ಕೊಬ್ಬಿನ ಪದರದಲ್ಲಿ ಉಳಿಯುತ್ತದೆ. ಆ ಉಳಿತಾಯವೇ ಚಳಿಗಾಲದ ಆಯುಸ್ಸಿಗೆ ಆಧಾರವು.

ಈ ನಿಧಿಗೆ ಕಳ್ಳನೂ ಇದ್ದಾನೆ. ನಮ್ಮ ಮಲೆನಾಡಿನ ತುಡುವೆ ಜೇನಿನ ಜಾತಿಯ ಹುಳುಗಳ ಮೇಲೆ ಏಷ್ಯಾಖಂಡದಲ್ಲಿ ಬದುಕುತ್ತಿದ್ದ ವರೋವಾ ಎಂಬ ನುಸಿಯು ಇಪ್ಪತ್ತನೆಯ ಶತಮಾನದಲ್ಲಿ ಯೂರೋಪಿನ ಜೇನುಹುಳುಗಳಿಗೂ ಹತ್ತಿತು. ಅದು ಮುಖ್ಯವಾಗಿ ಈ ಕೊಬ್ಬಿನ ಪದರವನ್ನೇ ತಿನ್ನುತ್ತದೆಂದು 2019ರಲ್ಲಿ ಅಮೇರಿಕದ ಶೋಧಕರು ತೋರಿಸಿದರು. ಆದಕಾರಣ ಎರಿಯ ತುಂಬ ಜೇನಿದ್ದರೂ ಗೂಡು ನಡುಚಳಿಯಲ್ಲಿ ಸತ್ತುಹೋಗುವುದುಂಟು. ಹಿಮ ಬಿದ್ದ ಮೇಲೆ ಮರುಗಿ ಫಲವಿಲ್ಲ. ಬಲ್ಲ ಸಾಕಣೆಗಾರರು ಬೇಸಿಗೆಯ ಕೊನೆಯಲ್ಲಿಯೇ, ಚಳಿಗಾಲದ ಹುಳುಗಳು ಹುಟ್ಟುವುದಕ್ಕೆ ಮುಂಚೆ, ನುಸಿಯನ್ನು ಅಡಗಿಸುತ್ತಾರೆ.

ಹೀಗೆ ಉಳಿದ ನಿಧಿಯು ಕಡೆಗೆ ಯಾರಿಗೆ? ಚಳಿ ಹಿಂಜರಿಯುತ್ತಲೇ ರಾಣಿಯು ಮತ್ತೆ ಹೆಚ್ಚಾಗಿ ಮೊಟ್ಟೆಯಿಡುತ್ತಾಳೆ. ತಿಂಗಳುಗಟ್ಟಲೆ ತಮ್ಮನ್ನು ಕಾಯ್ದ ಸಾರವನ್ನೇ ಹಳೆಯ ಹುಳುಗಳು ಹೊಸ ಮರಿಗಳಿಗೆ ಉಣಿಸಿ, ಅವು ರೆಕ್ಕೆ ಬಲಿತು ಹಾರುವ ವೇಳೆಗೆ ತಾವು ಅಳಿದುಹೋಗುತ್ತವೆ. ವಸಂತದಲ್ಲಿ ಹೂವಿನಿಂದ ಹೂವಿಗೆ ಹಾರುವ ಹುಳುವು ತಾನು ಕಾಣದ ಚಳಿಗಾಲದ ಉಳಿತಾಯದಿಂದ ಬೆಳೆದದ್ದು.